ಬೀಸದ ಕೈ

ನನಗೆ ಮುಖ ನೆನಪಿರುವುದಿಲ್ಲ, ನಡಿಗೆ ನೆನಪಿರುತ್ತದೆ. ಮದುವೆಮನೆಯಲ್ಲಿ ಯಾರಾದರೂ ಎದುರು ನಿಂತು, ನಾನು ಯಾರು ಹೇಳು ನೋಡೋಣ ಎಂದು ಕೆಣಕಿದರೆ ಸುಮ್ಮನೆ ಹಲ್ಲು ಕಿರಿದು ನಿಲ್ಲುತ್ತೇನೆ. ಅವರು ಬೇಸರಪಟ್ಟು ಅತ್ತ ಹೊರಟಾಗ ಬಲ ಪಾದ ಒಳಕ್ಕೆ ತಿರುಗಿ ಬೀಳುವುದು ಕಾಣುತ್ತದೆ. ಓಹೋ, ಇವರು ಸೋದರತ್ತೆಯ ನಾದಿನಿಯಲ್ಲವೇ ಎಂದು ಆಗ ಹೊಳೆಯುತ್ತದೆ. ಹಿಂದಿನಿಂದ ಓಡಿಹೋಗಿ ಮಾತಾಡಿಸುವಷ್ಟರಲ್ಲಿ ಅವರ ಮುಖ ಊದಿಕೊಂಡಿರುತ್ತದೆ.

ಇದು ಕಸುಬು ಅಂಟಿಸಿದ ಚಟ. ನಾನು ಕೆಲಸ ಮಾಡುವುದು ಮನುಷ್ಯರ ಚಲನೆಯನ್ನು ಅಳೆಯುವ ಪ್ರಯೋಗಾಲಯದಲ್ಲಿ. ಆಟದಲ್ಲಿ ಮಂಡಿ ತಿರುಚಿಕೊಂಡವರು, ಹಿಮ್ಮಡಿಯ ಸ್ನಾಯು ಹರಿದುಕೊಂಡವರು, ಮತ್ತೆ ಮೈದಾನಕ್ಕೆ ಇಳಿಯಬಹುದೋ ಇಲ್ಲವೋ ಎಂದು ತಿಳಿಯಲು ನಮ್ಮಲ್ಲಿಗೆ ಬರುತ್ತಾರೆ. ಏನೂ ಆಗದವರನ್ನೂ ನಾವೇ ಕರೆಸುತ್ತೇವೆ, ಯಾಕೆಂದರೆ ಸರಿಯಾದ ನಡಿಗೆ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ತಪ್ಪು ನಡಿಗೆಯನ್ನು ಅಳೆಯಲಾಗದು. ಉದ್ದನೆಯ ಕೋಣೆ, ನೆಲಕ್ಕೆ ಕಪ್ಪು ಹಾಸು, ಗೋಡೆಯ ಸುತ್ತ ಕ್ಯಾಮರಾಗಳು, ಹಗಲಲ್ಲೂ ಎಳೆದೇ ಇರುವ ದಪ್ಪ ಪರದೆ. ಬಂದವರ ಮೈಗೆ ಗೋಲಿಯಷ್ಟು ದಪ್ಪದ ಹೊಳೆಯುವ ಗುಂಡುಗಳನ್ನು ಅಂಟಿಸುತ್ತೇವೆ. ಅವರು ನಡೆದರೆ ಕಂಪ್ಯೂಟರಿನಲ್ಲಿ ಮನುಷ್ಯ ಕಾಣುವುದಿಲ್ಲ, ಬರೀ ಚುಕ್ಕಿಗಳು ನಡೆಯುತ್ತವೆ. ಆ ಚುಕ್ಕಿಗಳನ್ನು ಕಾಯುವ ಎಂಜಿನಿಯರನನ್ನು ನಾವು ಚುಕ್ಕಿರಾಯ ಎಂದೇ ಕರೆಯುವುದು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನ್ನ ಕಣ್ಣಿಗೆ ಕಂಡವರೆಲ್ಲ ಕುಂಟರು. ನನ್ನ ಜೊತೆ ಪೇಟೆಗೆ ಬಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಸುತ್ತಾಡಿದ ಹಾಗಾಗುತ್ತದೆ ಎಂದು ಗಂಡ ಗೊಣಗುತ್ತಾನೆ. ಗೊಣಗಲಿ. ನಡೆಯುವಾಗ ಅವನ ಎಡ ಸೊಂಟ ಸ್ವಲ್ಪ ಜಾರುತ್ತದೆ, ಅದನ್ನು ಹೇಳಿದ ದಿನದಿಂದ ಅವನಿಗೆ ಕೋಪ.

ಇಂಥ ಕಣ್ಣು ಇಟ್ಟುಕೊಂಡವಳು ಆ ಭಾನುವಾರ ಬೆಳಿಗ್ಗೆ ಅಪ್ಪನ ಮನೆಯ ಮಹಡಿಯಿಂದ ಕೆಳಗೆ ನೋಡಬಾರದಿತ್ತು. ಬಟ್ಟೆ ಒಣಹಾಕಲು ಹೋಗಿದ್ದೆ. ಅಪ್ಪ ಹಾಲು ತರಲು ಹೊರಟಿದ್ದ. ಮೂಲೆಯ ಅಂಗಡಿಯವರೆಗೂ ನೇರ ರಸ್ತೆ. ಎಡಗೈ ಎಂದಿನಂತೆ ಹಿಂದೆ ಮುಂದೆ ಬೀಸುತ್ತಿತ್ತು. ಬಲಗೈ ಬೀಸುತ್ತಿರಲಿಲ್ಲ. ಮೊಣಕೈ ಸ್ವಲ್ಪ ಮಡಿಸಿಕೊಂಡು, ಪಕ್ಕೆಗೆ ಅಂಟಿಕೊಂಡು, ಬೇರೆ ಯಾರದೋ ಕೈಯನ್ನು ಅಪ್ಪ ಜೋಪಾನವಾಗಿ ಹೊತ್ತುಕೊಂಡು ಹೋಗುತ್ತಿದ್ದಾನೆ ಎನ್ನುವ ಹಾಗಿತ್ತು. ಹಿಂದಿನಿಂದ ಯಾರೋ ಕರೆದರು. ಅಪ್ಪ ಕತ್ತು ತಿರುಗಿಸಲಿಲ್ಲ. ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಇಡೀ ಮೈಯನ್ನೇ ತಿರುಗಿಸಿದ. ನಾನು ಹಿಂಡಿದ ಸೀರೆಯನ್ನೇ ಮತ್ತೆ ಮತ್ತೆ ಹಿಂಡುತ್ತ ಅಲ್ಲೇ ನಿಂತಿದ್ದೆ.

ಹೆದರಿಕೆಗೆ ಕಾರಣವಿತ್ತು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೋದವನು. ಕೈ ನಡುಗುವುದೇ ಅದರ ಮೊದಲ ಗುರುತು ಎಂದು ಜನ ತಿಳಿದಿದ್ದಾರೆ. ಎಷ್ಟೋ ಸಲ ನಡುಕಕ್ಕಿಂತ ಬಹಳ ಮುಂಚೆಯೇ ಒಂದು ಕೈ ಬೀಸುವುದನ್ನು ಮರೆತುಬಿಡುತ್ತದೆ, ಅಷ್ಟೇ. ಹಳೆಯ ಮದುವೆ ವಿಡಿಯೊಗಳಲ್ಲಿ ದೊಡ್ಡಪ್ಪನ ಎಡಗೈ ಹಾಗೆ ಸುಮ್ಮನಿರುವುದು ಈಗ ನನಗೆ ಎದ್ದು ಕಾಣುತ್ತದೆ. ಆಗ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಕೊನೆಗೆ ಅವನು ಹೊಸ್ತಿಲ ಮುಂದೆ ಬಂದು ನಿಂತುಬಿಡುತ್ತಿದ್ದ. ದಾಟಬೇಕೆಂದು ಮನಸ್ಸು, ಪಾದ ಮಾತ್ರ ನೆಲ ಬಿಡುತ್ತಿರಲಿಲ್ಲ. ಅಪ್ಪ ಪಕ್ಕದಲ್ಲಿ ನಿಂತು ಎಡ, ಬಲ, ಎಡ, ಬಲ ಎಂದು ಗಟ್ಟಿಯಾಗಿ ಹೇಳಿದರೆ ಆ ದನಿಗೆ ಹೆಜ್ಜೆ ಬರುತ್ತಿತ್ತು. ನಾನು ನಡಿಗೆಯ ಬೆನ್ನು ಹತ್ತಿದ್ದೇ ಅದನ್ನು ನೋಡಿ.

ಅಪ್ಪ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಊರಿಗೆಲ್ಲ ಸೀಟಿ ಮೇಷ್ಟ್ರು. ನಿವೃತ್ತಿಯಾದರೂ ಸೀಟಿ ಇನ್ನೂ ಹಜಾರದ ಮೊಳೆಯಲ್ಲಿ ನೇತಾಡುತ್ತಿದೆ. ಆಜ್ಞೆ ಕೊಡುವುದೂ ಪಾಲಿಸುವುದೂ ಅವನ ರಕ್ತದಲ್ಲೇ ಇದೆ. ಒಮ್ಮೆ ಹೆಡ್‌ಮಾಸ್ಟರು, ನಾನು ಬರೋವರೆಗೂ ಗೇಟ್ ಹತ್ತಿರ ನಿಂತಿರಿ ಎಂದು ಹೇಳಿ, ಮರೆತು, ಹಿಂಬಾಗಿಲಿನಿಂದ ಮನೆಗೆ ಹೋಗಿದ್ದರು. ಅಪ್ಪ ನಿಂತೇ ಇದ್ದ. ಕಾವಲುಗಾರ ಬೀಗ ಹಾಕಲು ಬಂದವನು ದೆವ್ವವೆಂದು ಹೆದರಿ ಲಾಟೀನು ಬಿಟ್ಟು ಓಡಿದ್ದು ನಮ್ಮ ಮನೆಯ ಖಾಯಂ ನಗೆಹನಿ.

ನಿವೃತ್ತಿಯ ಮೇಲೆ ಅಪ್ಪನಿಗೆ ಶಟಲ್ ಹುಚ್ಚು ಹಿಡಿದಿತ್ತು. ಬೀದಿಯ ದರ್ಜಿ ಅವನ ಎದುರಾಳಿ. ಇಬ್ಬರೂ ಪಾರ್ಕಿನ ಅಂಕಣದಲ್ಲಿ ಹರೆಯದವರ ಹಾಗೆ ಹಾರುತ್ತಿದ್ದರು. ಕಳೆದ ವರ್ಷ ಅಪ್ಪ ಪಾದ ಉಳುಕಿಸಿಕೊಂಡಾಗ ನಾನು ದೊಡ್ಡ ರಂಪ ಮಾಡಿದೆ. ಇನ್ನು ಆಡುವುದಿಲ್ಲ ಎಂದು ಮಾತು ತೆಗೆದುಕೊಂಡು, ರಾಕೆಟ್ಟನ್ನು ನಮ್ಮ ಮನೆಗೆ ತಂದು ಬೀರುವಿನ ಮೇಲಿಟ್ಟೆ. ಅಪ್ಪ ಮರುಮಾತಿಲ್ಲದೆ ಕೊಟ್ಟಿದ್ದ. ವಯಸ್ಸು ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದುಕೊಂಡಿದ್ದೆ.

ಆ ಭಾನುವಾರದ ಮೇಲೆ ಏನಾದರೊಂದು ನೆಪ ಹುಡುಕಿ ಅಪ್ಪನ ಮನೆಗೆ ಹೋಗತೊಡಗಿದೆ. ಹೋದಾಗೆಲ್ಲ ಏನಾದರೊಂದು ಕಾಣುತ್ತಿತ್ತು. ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಲು ಒದ್ದಾಡುತ್ತಿದ್ದ. ಚಹಾದ ಲೋಟ ಎಡಗೈಗೆ ಬಂದಿತ್ತು. ಒಂದು ಸಂಜೆ ಬಲಗೈಯಲ್ಲಿ ಎತ್ತಿಕೊಂಡದ್ದು ನಡುಗಿ ಚಹಾ ಚೆಲ್ಲಿತು. ಅಪ್ಪ ಕಳ್ಳನ ಹಾಗೆ ಅದನ್ನು ಕರವಸ್ತ್ರದಲ್ಲಿ ಒರೆಸಿದ. ಮಾತೂ ಕಡಿಮೆಯಾಗಿತ್ತು. ನಾನು ಒಳಗೆ ಬಂದರೆ ಟಿ.ವಿ. ಕಡೆ ತಿರುಗುತ್ತಿದ್ದ. ಕಾಯಿಲೆಯ ಬಗ್ಗೆ ಓದಿದ್ದೆಲ್ಲ ಒಂದೊಂದೇ ಬಂದು ಎದುರಿಗೆ ಕೂತ ಹಾಗಾಯಿತು.

ಅಡುಗೆಮನೆಗೆ ಹೋಗಿ ಅಮ್ಮನನ್ನು ಬಳಸು ಮಾತಿನಲ್ಲಿ ಕೇಳಿದೆ, ಅಪ್ಪ ಇತ್ತೀಚೆಗೆ ಹೇಗಿದ್ದಾನೆ ಎಂದು. ಅಮ್ಮ ಕುಕ್ಕರಿನ ಮುಚ್ಚಳ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು. ಹೇಗಿರುತ್ತಾನೆ, ಅರವತ್ತಕ್ಕೆ ಅರಳು ಮರಳು, ಇದ್ದಾನೆ ಎಂದಳು. ಕೈ ಏನಾದರೂ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಒಗ್ಗರಣೆ ಸೀಯುತ್ತದೆ ಎಂದು ಒಲೆಯ ಕಡೆ ತಿರುಗಿದಳು. ಒಲೆ ಹಚ್ಚಿಯೇ ಇರಲಿಲ್ಲ. ಅಮ್ಮನಿಗೂ ಗೊತ್ತಾಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಣ್ಣೀರು ಒರೆಸಿಕೊಂಡೆ.

ಅಪ್ಪನನ್ನೇ ನೇರವಾಗಿ ಕೇಳಿಬಿಡು ಎಂದ ಗಂಡ. ಅವನ ಮೇಲೆ ರೇಗಿದೆ. ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಪಾಠವೇ ಅದು: ಯಾರ ನಡಿಗೆ ಅಳೆಯುತ್ತೀಯೋ ಅವರಿಗೆ ಏನು ನೋಡುತ್ತಿದ್ದೀಯೆಂದು ಹೇಳಬೇಡ. ಕಾಲು ನೋಡುತ್ತೇವೆ ಎಂದರೆ ಕಾಲು ಸುಳ್ಳು ಹೇಳುತ್ತದೆ, ಕೈ ಎಂದರೆ ಕೈ. ಅವನಿಗೆ ಇದನ್ನೆಲ್ಲ ಗಂಟಲು ಹರಿಯುವ ಹಾಗೆ ವಿವರಿಸಿದೆ. ನಿಜವೆಂದರೆ ನನಗೆ ಭಯ. ಕೇಳಿದರೆ ಅಪ್ಪ ಹೌದು ಎಂದುಬಿಟ್ಟರೆ ಆಮೇಲೆ ಏನು ಮಾಡುವುದು?

ಅದೇ ಹೊತ್ತಿಗೆ ನಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ವಯಸ್ಸಾದವರು ನಡೆಯುವಾಗ ಕೈ ಹೇಗೆ ಬೀಸುತ್ತಾರೆ, ನಡೆಯುತ್ತಲೇ ತಲೆಗೂ ಒಂದು ಕೆಲಸ ಕೊಟ್ಟರೆ ಆ ಬೀಸು ಏನಾಗುತ್ತದೆ ಎಂದು ನೋಡುವುದು. ಗಟ್ಟಿಮುಟ್ಟಾದ ಹಿರಿಯರು ಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದ್ದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಪ್ಪನಿಗೆ ಫೋನ್ ಮಾಡಿ, ನಡೆಯೋಕೆ ಜನ ಸಾಲ್ತಿಲ್ಲ, ಒಂದು ಬೆಳಿಗ್ಗೆ ಬಂದು ಹೋಗು ಎಂದೆ. ಯಾವತ್ತು, ಎಷ್ಟು ಹೊತ್ತಿಗೆ ಎಂದು ಅಪ್ಪ ಕೇಳಿದ. ಆಮೇಲೆ, ನೀನು ಕರೆದರೆ ಬರದೇ ಇರ್ತೀನಾ ಎಂದ.

ಅವನು ಬರುವ ದಿನ ನಾನು ಬೇಗ ಹೋಗಿ ಕಪ್ಪು ಹಾಸಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಚುಕ್ಕಿರಾಯ ಕ್ಯಾಮರಾ ಸರಿಮಾಡುತ್ತ, ಚಳಿಯಾಗ್ತಿದೆಯಾ ಮೇಡಂ, ಎ.ಸಿ. ಕಡಿಮೆ ಮಾಡ್ಲಾ ಎಂದು ಕೇಳಿದ. ಯಾಕೆ ಕೇಳಿದನೋ ತಿಳಿಯಲಿಲ್ಲ. ನಿನ್ನ ಕೆಲಸ ನೋಡು ಎಂದೆ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಚಡ್ಡಿ, ಬಿಳಿ ಬನಿಯನ್, ಸುಣ್ಣ ಬಳಿದಂತೆ ಬೆಳ್ಳಗಾದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದ. ಚುಕ್ಕಿರಾಯ ಗೊತ್ತಿಲ್ಲದೆಯೇ ನೆಟ್ಟಗೆ ನಿಂತ. ಗುಂಡುಗಳನ್ನು ನಾನೇ ಅಂಟಿಸಿದೆ. ಪಾದ, ಮಂಡಿ, ಸೊಂಟದವರೆಗೆ ಅಪ್ಪನದು ಒಂದೇ ತಮಾಷೆ. ಕೀಳುವಾಗ ಕೂದಲಿನ ಜೊತೆ ಚರ್ಮವೂ ಬರುತ್ತದೆಯೇ, ಬಂದರೆ ವಾಪಸು ಕೊಡುತ್ತೀರಾ ಎಂದೆಲ್ಲ. ಬಲ ಭುಜಕ್ಕೆ ಬಂದಾಗ ಮಾತು ನಿಂತಿತು. ಬೆರಳು ತಾಗಿದ ಕೂಡಲೇ ಭುಜ ಬಿಗಿಯಿತು. ಭುಜ ಬಿಗಿಯುವುದೂ ಆ ಕಾಯಿಲೆಯ ಮುನ್ಸೂಚನೆಯಾಗಬಹುದು. ಓದಿದವರಿಗೆ ಹೆದರಲು ಕಾರಣಗಳ ಬರವಿಲ್ಲ.

ಮೊದಲ ಸುತ್ತು, ಸುಮ್ಮನೆ ನಡೆಯುವುದು. ನಾನು ಚುಕ್ಕಿರಾಯನ ಪಕ್ಕ ಕಂಪ್ಯೂಟರಿನ ಮುಂದೆ ಕೂತೆ. ಬೇಕೆಂದೇ ಅಪ್ಪನ ಕಡೆ ನೋಡಲಿಲ್ಲ. ಕತ್ತಲೆಯಂಥ ಪರದೆಯಲ್ಲಿ ಚುಕ್ಕಿಗಳು ಎದ್ದು ನಿಂತು ನಡೆದವು. ಮುಖವಿಲ್ಲ, ಬಿಳಿ ಮೀಸೆಯಿಲ್ಲ, ಬೂಟಿಲ್ಲ. ಆದರೂ ಲಕ್ಷ ಜನರ ನಡುವೆ ಗುರುತು ಹಿಡಿಯಬಹುದಾದ ಅಪ್ಪನೇ. ಚಿಕ್ಕವಳಿದ್ದಾಗ ಆ ಹೆಜ್ಜೆಯ ಹಿಂದೆ ಓಡಿ ಓಡಿ ಶಾಲೆಗೆ ಹೋದವಳು ನಾನು. ಎಡ ಮಣಿಕಟ್ಟಿನ ಚುಕ್ಕಿ ಉಯ್ಯಾಲೆಯಾಡುತ್ತಿತ್ತು. ಬಲ ಮಣಿಕಟ್ಟಿನ ಚುಕ್ಕಿ ಸೊಂಟದ ಪಕ್ಕ ಮೊಳೆ ಹೊಡೆದ ಹಾಗೆ ನಿಂತಿತ್ತು. ಚುಕ್ಕಿರಾಯನೂ ಅದನ್ನು ಕಂಡ. ಅವನು ನನ್ನ ಮುಖ ನೋಡದೆ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದ.

ಎರಡನೆಯ ಸುತ್ತು ಉಳಿದಿತ್ತು, ನನ್ನ ಭಯವೆಲ್ಲ ಅದಕ್ಕೇ. ನಡೆಯುತ್ತ ನಡೆಯುತ್ತ ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು, ಗಟ್ಟಿಯಾಗಿ ಹೇಳಬೇಕು. ತಲೆ ಲೆಕ್ಕದಲ್ಲಿ ಮುಳುಗಿದಾಗ ಆ ಕಾಯಿಲೆ ಹಿಡಿದ ಕೈ ಇನ್ನಷ್ಟು ಸುಮ್ಮನಾಗುತ್ತದೆ. ಇದ್ದ ಚೂರು ಬೀಸೂ ಹೋಗುತ್ತದೆ, ಹೆಜ್ಜೆ ಸಣ್ಣದಾಗುತ್ತದೆ. ದೊಡ್ಡಪ್ಪನನ್ನು ನಡೆಯುವಾಗ ಯಾರಾದರೂ ಏನಾದರೂ ಕೇಳಿದರೆ ಅವನು ನಿಂತೇಬಿಡುತ್ತಿದ್ದ. ಅಪ್ಪನಿಗೆ ಏನು ಮಾಡಬೇಕೆಂದು ಚುಕ್ಕಿರಾಯನೇ ಹೇಳಿದ.

ಲೆಕ್ಕವೆಂದರೆ ಅಪ್ಪನಿಗೆ ಹುಟ್ಟಿನಿಂದಲೂ ಆಗದು. ನೂರು ಎಂದು ಜೋರಾಗಿ ಶುರು ಮಾಡಿದ. ತೊಂಬತ್ಮೂರಕ್ಕೆ ಸಲೀಸಾಗಿ ಇಳಿದ. ಆಮೇಲೆ ಎಂಬತ್ತು, ಅಲ್ಲ, ಎಂಬತ್ತೇಳು, ತಡಿ ತಡಿ, ಎಂಬತ್ತಾರು. ಎಂಬತ್ತಾರರಲ್ಲಿ ಏಳು ಹೋದರೆ ಎಂದು ತನಗೆ ತಾನೇ ಕೇಳಿಕೊಳ್ಳುತ್ತ ಹಾಸಿನ ಆ ತುದಿಗೆ ಹೋಗಿ ತಿರುಗಿದ. ತಿರುಗಿ ಬರುವಾಗ ಬಲ ಮಣಿಕಟ್ಟಿನ ಚುಕ್ಕಿ ಅಲುಗಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಮತ್ತೆ ಅಲುಗಿತು. ಅಪ್ಪ ಎಪ್ಪತ್ತೊಂಬತ್ತು ಎಂದು ಗೆದ್ದವನಂತೆ ಕೂಗಿ ಅಲ್ಲಿಂದ ಕೆಳಗಿಳಿಯುವ ಪ್ರಯಾಸದಲ್ಲಿ ಮುಳುಗಿದ್ದಾಗ ಆ ಚುಕ್ಕಿ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಹಿಂದಕ್ಕೆ, ಮುಂದಕ್ಕೆ. ಎಡಗೈಯಷ್ಟು ಧಾರಾಳವಾಗಿ ಅಲ್ಲ, ಆದರೂ ಬೀಸುತ್ತಿತ್ತು. ಚುಕ್ಕಿರಾಯ ಕುರ್ಚಿಯಿಂದ ಅರ್ಧ ಎದ್ದ.

ಮರುಕ್ಷಣ ಆ ಚುಕ್ಕಿ ಸರಕ್ಕನೆ ಸೊಂಟಕ್ಕೆ ಅಂಟಿಕೊಂಡಿತು. ಈ ಸಲ ನಾನು ತಲೆಯೆತ್ತಿ ಅಪ್ಪನನ್ನೇ ನೋಡಿದೆ. ಅಪ್ಪ ತನ್ನ ಬಲಗೈಯನ್ನು ಬಗ್ಗಿ ನೋಡಿಕೊಂಡು, ಆಮೇಲೆ ನಾನು ಕಂಡೆನೋ ಎಂದು ಕಳ್ಳಗಣ್ಣಿನಿಂದ ನನ್ನ ಕಡೆ ನೋಡುತ್ತಿದ್ದ. ನಾನು ಇಷ್ಟು ವರ್ಷ ಬಗೆಬಗೆಯ ಕಾಯಿಲೆಗಳ ನಡಿಗೆ ನೋಡಿದ್ದೇನೆ. ಯಾವ ಕಾಯಿಲೆಗೂ ನಾಚಿಕೆ ಎಂಬುದಿಲ್ಲ.

"ಅಪ್ಪಾ, ಈಗ ಕೈ ಬೀಸಿದ್ಯಲ್ಲ."

"ಇಲ್ವಲ್ಲ."

"ಬೀಸಿದೆ. ಆಮೇಲೆ ಹಿಡ್ಕೊಂಡೆ. ಯಾಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪನ ಎಡಗೈ ತಾನಾಗಿಯೇ ಬಲ ಹೆಗಲಿಗೆ ಹೋಯಿತು.

ಆಮೇಲೆ ಒಂದೊಂದೇ ಹೊರಬಂತು. ಶಟಲ್ ನಿಂತೇ ಇರಲಿಲ್ಲ. ದರ್ಜಿಯೇ ಒಂದು ರಾಕೆಟ್ ಕೊಟ್ಟಿದ್ದ. ಅದು ಅವನ ಅಂಗಡಿಯಲ್ಲಿ ಹೊಲಿಯಲು ಬಂದ ಬಟ್ಟೆಗಳ ಹಿಂದೆ ಇರುತ್ತಿತ್ತು. ಹಾಲು ತರಲು ಹೋಗುವುದು, ಅಳತೆ ಕೊಡಲು ಹೋಗುವುದು ಎಲ್ಲ ಅದೇ. ಒಂದು ದಿನ ದರ್ಜಿ ಎತ್ತರಕ್ಕೆ ಹೊಡೆದ ಶಟಲನ್ನು ಅಪ್ಪ ಹಾರಿ ಬಾರಿಸಲು ಹೋಗಿ ಭುಜದಲ್ಲಿ ಚಳಕ್ ಎಂದಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನನಗೆ ತಿಳಿಯಬಾರದೆಂದು ಊರಾಚೆಯ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಹೋದ. ಅಲ್ಲಿ ಕೂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ, ಸಣ್ಣ ದನಿಯಿಂದಾಗಿ ನಾವೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ. ಅವಳು ಭುಜ ನೋಡಿ, ಸ್ನಾಯು ಎಳೆದುಕೊಂಡಿದೆ, ಹರಿದಿಲ್ಲ, ನಾನು ಹೇಳೋವರೆಗೂ ಈ ಕೈ ಬೀಸಬೇಡಿ ಮೇಷ್ಟ್ರೇ, ಪಕ್ಕೆಗೆ ಒತ್ತಿ ಇಟ್ಕೊಳ್ಳಿ ಎಂದಳಂತೆ. ಮೇಡಂಗೆ ಗೊತ್ತಾದರೆ ನನ್ನ ಕಥೆ ಮುಗೀತು ಎಂದೂ ಹೇಳಿದಳಂತೆ. ಆಮೇಲೆ ಅಪ್ಪ ಹೋದಾಗ ಅವಳು ಹೆರಿಗೆ ರಜೆಯಲ್ಲಿದ್ದಳು. ಬೇರೆಯವರಿಗೆ ತೋರಿಸಿದರೆ ಸುದ್ದಿ ನನ್ನ ಕಿವಿಗೆ ಬೀಳಬಹುದೆಂದು ವಾಪಸು ಬಂದ. ದಿನಾ ಮಲಗುವ ಮುಂಚೆ ಮುಲಾಮು ಹಚ್ಚುತ್ತಿದ್ದವಳು ಅಮ್ಮ. ಒಲೆ ಹಚ್ಚದೆಯೇ ಒಗ್ಗರಣೆ ಸೀದದ್ದು, ಅಪ್ಪ ಗುಂಡಿ ಹಾಕಲು ಒದ್ದಾಡಿದ್ದು, ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿದ್ದು ಎಲ್ಲ ಯಾಕೆಂದು ಈಗ ತಿಳಿಯಿತು.

"ಹಾಗಾದ್ರೆ ಇಷ್ಟು ದಿನದಿಂದ ಕೈ ಬೀಸದೆ ನಡೀತಿರೋದು..."

"ಬೀಸಬೇಡಿ ಅಂದ್ಳಲ್ಲಮ್ಮ. ಬೀಸಿ ಅಂತ ಯಾರೂ ಹೇಳ್ಲಿಲ್ಲ."

ಚುಕ್ಕಿರಾಯ ಒಂದು ಕ್ಯಾಮರಾದ ಹಿಂದೆ ಹೋಗಿ ನಿಂತ. ಅವನ ಭುಜಗಳು ಕುಲುಕುತ್ತಿದ್ದವು. ನಾನು ಕಪ್ಪು ಹಾಸಿನ ಮೇಲೆ ಕುಕ್ಕರಿಸಿದೆ. ಹೋದ ಜೀವ ಬಂತು ಎನ್ನುತ್ತಾರೆ. ಬರುವಾಗ ಅದು ಇಷ್ಟು ಜೋರಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಗಾಬರಿಯಾದ. ಮೈತುಂಬ ಗುಂಡು ಅಂಟಿಸಿಕೊಂಡೇ ನನ್ನ ಮುಂದೆ ಕೂತು, ಇನ್ನು ಆಡಲ್ಲ ಬಿಡಮ್ಮ, ದರ್ಜಿಯ ರಾಕೆಟ್ಟನ್ನೂ ನೀನೇ ತಗೊಂಡು ಹೋಗು, ಒಂದು ಆಟಕ್ಕೆ ಯಾರಾದರೂ ಹೀಗೆ ಅಳ್ತಾರಾ ಎಂದು ಸಮಾಧಾನ ಮಾಡತೊಡಗಿದ. ಅದಕ್ಕಲ್ಲ ಎಂದು ತಲೆಯಲ್ಲಾಡಿಸಿದೆ. ದೊಡ್ಡಪ್ಪ ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಟಿತು.

ಅಪ್ಪನ ಕೈ ನನ್ನ ತಲೆಯ ಮೇಲೆ ನಿಂತಿತು.

"ಅಣ್ಣನ ಥರ ಆಗ್ತಿದೆ ಅಂದ್ಕೊಂಡ್ಯಾ?"

"ಹೂಂ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ಒಂದು ಮಾತು ಹೇಳ್ಬಾರ್ದಿತ್ತಾ?"

ಅಪ್ಪ ತೊಡೆಗೆ ಅಂಟಿದ್ದ ಒಂದು ಗುಂಡನ್ನು ಕಿತ್ತು, ನೋಡು, ಕೂದಲು ಬಂತು ಎಂದು ತೋರಿಸಿದ. ಅಳುವಿನ ನಡುವೆಯೇ ನಗು ಬಂತು.

ಆದರೂ ನಾನು ಸಂಶಯದ ಪ್ರಾಣಿ. ಒಂದು ಸುತ್ತಿನ ಚುಕ್ಕಿಗಳನ್ನು ನಂಬಿ ಸುಮ್ಮನಿರುವವಳಲ್ಲ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂರುವ ನರರೋಗದ ಡಾಕ್ಟರ ಬಳಿಗೆ ಅಪ್ಪನನ್ನು ಎಳೆದುಕೊಂಡು ಹೋದೆ. ಆಕೆ ನನ್ನ ಗೆಳತಿ, ಮಾತು ಕಡಿಮೆ. ಅಪ್ಪನ ಮಣಿಕಟ್ಟು ಹಿಡಿದು ತಿರುಗಿಸಿದಳು, ಬೆರಳುಗಳನ್ನು ಬೇಗ ಬೇಗ ತಟ್ಟಿಸಿದಳು, ಕುರ್ಚಿಯಿಂದ ಕೈ ಊರದೆ ಎಬ್ಬಿಸಿದಳು, ಹಿಂದಿನಿಂದ ಭುಜ ಎಳೆದು ತಡೆದುಕೊಳ್ಳುತ್ತಾನೋ ಎಂದು ನೋಡಿದಳು. ಅಪ್ಪ ಗೋಡೆಯ ಹಾಗೆ ನಿಂತ. ಬಲಗೈಯನ್ನು ಮೇಲೆತ್ತಲು ಹೇಳಿದಾಗ ಮಾತ್ರ ಅದು ಅರ್ಧಕ್ಕೆ ನಿಂತು ಅಪ್ಪ ಹಲ್ಲು ಕಚ್ಚಿದ. ನಾನು ಬಾಗಿಲ ಪಕ್ಕ ನಿಂತಿದ್ದೆ.

"ನರಗಳೆಲ್ಲ ಚೆನ್ನಾಗಿವೆ," ಎಂದಳು ಡಾಕ್ಟರು. "ನೀವು ಹೆದರಿರೋ ಕಾಯಿಲೆಯ ಒಂದು ಗುರುತೂ ಇಲ್ಲ. ಭುಜ ಮಾತ್ರ ಅಲ್ಲಾಡಿಸದೇ ಇಟ್ಟು ಇಟ್ಟು ಬಿಗಿದುಹೋಗಿದೆ. ಇನ್ನು ಬೀಸೋದೇ ಔಷಧಿ."

ಡಾಕ್ಟರ ಮೇಜಿಗೆ ಕೈ ಮುಗಿಯುವುದೊಂದು ಬಾಕಿ. ಹೊರಗೆ ಬಂದರೆ ಕಾರಿಡಾರಿನ ಕಿಟಕಿಗಳಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಹತ್ತಿ ಬರುವಾಗ ಆ ಕಿಟಕಿಗಳಿದ್ದದ್ದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಹಸಿವಾಗಿತ್ತು. ಎಷ್ಟೋ ದಿನದ ಮೇಲೆ ನಿಜವಾಗಿ ಹಸಿವಾಗಿತ್ತು.

ಅಪ್ಪ ನನ್ನ ಪಕ್ಕ ನಡೆಯುತ್ತಿದ್ದ, ಬಲಗೈಯನ್ನು ಹಾಗೇ ಪಕ್ಕೆಗೆ ಒತ್ತಿಕೊಂಡು. ಡಾಕ್ಟರು ಬೀಸು ಎಂದಳಲ್ಲ ಎಂದೆ. ಆಕೆ ಹೇಳಿದ್ದು ಸರಿ, ಆದರೆ ಬೀಸಬೇಡ ಅಂದವಳು ಗುಬ್ಬಿ, ಅವಳೇ ಅಲ್ಲವಾ ಬಿಡಿಸಬೇಕು ಎಂದ. ಅವನು ತಮಾಷೆ ಮಾಡುತ್ತಿದ್ದಾನೋ ಎಂದು ಮುಖ ನೋಡಿದೆ. ಅರ್ಧ ತಮಾಷೆ, ಅರ್ಧ ನಿಜ. ಗುಬ್ಬಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಅವಳ ಉಸಿರೇ ನಿಂತ ಹಾಗಾಯಿತು. ಹಿಂದೆ ಮಗು ಅಳುತ್ತಿತ್ತು. ಬೈಯುವುದನ್ನೆಲ್ಲ ಬಾಣಂತನ ಮುಗಿಯುವವರೆಗೆ ಬಾಕಿ ಇಟ್ಟಿದ್ದೇನೆ, ಈಗ ಮೇಷ್ಟ್ರಿಗೆ ಕೈ ಬೀಸಲು ಹೇಳು ಎಂದು ಫೋನನ್ನು ಅಪ್ಪನ ಕಿವಿಗೆ ಹಿಡಿದೆ. ಅವಳು ಹೇಳಿದಳು, ಹೇಳದೇ ಇರಲಿಲ್ಲ. ಆದರೆ ಗುಬ್ಬಿಯ ದನಿಯನ್ನು ಮಗುವಿನ ದನಿ ನುಂಗಿಹಾಕಿತು. ಅಪ್ಪ ಫೋನ್ ವಾಪಸು ಕೊಟ್ಟು, ಏನೂ ಕೇಳಿಸಲಿಲ್ಲ ಎಂದು ಕೈ ಒತ್ತಿಕೊಂಡೇ ನಿಂತ.

ಆಗ ನನಗೆ ಸಿಟ್ಟು ಬಂತೋ ಪ್ರೀತಿ ಬಂತೋ ತಿಳಿಯದು. ಎರಡಡಿ ಹಿಂದೆ ಸರಿದು, ಹ್ಯಾಂಡ್‌ಬ್ಯಾಗನ್ನು ನೆಲಕ್ಕಿಟ್ಟು, ಶಾಲೆಯ ಮೈದಾನದಲ್ಲಿ ಅವನು ನಮಗೆ ಕೊಡುತ್ತಿದ್ದ ದನಿಯನ್ನೇ ನಾನು ಕೊಟ್ಟೆ.

"ಸಾವಧಾನ್. ಮುಂದೆ ನಡಿ. ಎಡ, ಬಲ, ಎಡ, ಬಲ."

ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು, ಬೂಟು ನೆಲಕ್ಕೆ ಬಡಿಯಿತು. ಎಡಗೈ ಮುಂದೆ ಹೋಯಿತು. ಅದರ ಹಿಂದೆಯೇ, ಬೀಗ ತೆಗೆದ ಬಾಗಿಲಿನ ಹಾಗೆ, ಬಲಗೈಯೂ ಮುಂದೆ ಹೋಯಿತು. ಪೂರ್ತಿ ಅಲ್ಲ, ಭುಜ ನೋಯುತ್ತಿತ್ತು, ಅದು ನಡಿಗೆಯಲ್ಲಿ ಕಾಣುತ್ತಿತ್ತು. ಆದರೂ ಹೋಯಿತು, ಬಂತು, ಹೋಯಿತು. ದೊಡ್ಡಪ್ಪನ ಹೊಸ್ತಿಲಲ್ಲಿ ಅಪ್ಪ ಹೇಳುತ್ತಿದ್ದ ಎರಡೇ ಮಾತುಗಳನ್ನು ನಾನು ಹೇಳುತ್ತ ಅವನ ಹಿಂದೆ ನಡೆದೆ. ಬಿಸಿಲಿನ ಒಂದೊಂದು ತುಂಡನ್ನೂ ದಾಟಿ ಅಪ್ಪ ಮುಂದೆ ಹೋಗುತ್ತಿದ್ದ. ನನಗೆ ಅಷ್ಟು ಸುಖವಾಗಿತ್ತು.

ಮೆಟ್ಟಿಲ ಹತ್ತಿರ ಹೋಗಿ ಅಪ್ಪ ಅಲ್ಲೇ ಹೆಜ್ಜೆ ಹಾಕುತ್ತ ಕತ್ತು ತಿರುಗಿಸಿದ.

"ಹಿಂದಿನ ಸಾಲು. ಕೈ ಯಾಕೆ ಬೀಸ್ತಿಲ್ಲ?"

ಬಗ್ಗಿ ನೋಡಿಕೊಂಡೆ. ಎರಡೂ ಕೈಗಳನ್ನು ಎದೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದೆ. ಎಷ್ಟು ಬಿಗಿಯಾಗಿ ಎಂದರೆ ಬೆರಳುಗಳ ಗುರುತು ತೋಳಿನ ಮೇಲೆ ಮೂಡಿತ್ತು. ಬ್ಯಾಗು ಅಲ್ಲೇ ಹಿಂದೆ ನೆಲದ ಮೇಲೆ ಉಳಿದಿತ್ತು. ಚಳಿಯಾಗ್ತಿದೆಯಾ ಎಂದು ಚುಕ್ಕಿರಾಯ ಕೇಳಿದ್ದು ಈಗ ಅರ್ಥವಾಯಿತು.

"ಬರೀ ಇವತ್ತಲ್ಲ," ಎಂದ ಅಪ್ಪ, ಹೆಜ್ಜೆ ನಿಲ್ಲಿಸಿ. "ತುಂಬಾ ದಿನದಿಂದ ನೋಡ್ತಿದ್ದೀನಿ. ನಮ್ಮನೆಗೆ ಬಂದಾಗೆಲ್ಲ ಹೀಗೇ ನಡೀತಿದ್ದೆ. ಅಳಿಯಂದ್ರ ಜೊತೆ ಏನಾದ್ರೂ ಆಯ್ತೋ, ಕೆಲಸದಲ್ಲಿ ಏನಾದ್ರೂ ತೊಂದ್ರೆಯೋ ಅಂತ ನಿನ್ನಮ್ಮಂಗೂ ನಂಗೂ ಒಂದೇ ಚಿಂತೆ. ಕೇಳೋಕೆ ಭಯ ಆಯ್ತು. ನೀನು ಕರೆದ ತಕ್ಷಣ ಬಂದಿದ್ದೂ ಅದಕ್ಕೇ. ನಡೀತಾ ನಡೀತಾ ನೀನೇ ಹೇಳ್ತೀಯೇನೋ ಅಂತ."

ಅಪ್ಪ ಕೆಳಗಿನ ಮೆಟ್ಟಿಲಿಗೆ ಒಂದು ಕಾಲು ಇಳಿಸಿ ಕಾದ.

"ಎಡ," ಎಂದ ಮೆಲ್ಲಗೆ.

ಕೈ ಬಿಚ್ಚಿ, ಹೆಜ್ಜೆ ಇಟ್ಟೆ.